ಮೊದಲು ಸ್ಟ್ಯಾಂಡ್ ಹಿಡಿಯಿರಿ

ಲೈಟಿಂಗ್ ಕಾರ್ಯಾಗಾರಕ್ಕೆ ದುಡ್ಡು ಕಟ್ಟಿ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಸಂಜೆ ಮನೆಗೆ ಹೋಗುವಾಗ ಒಂದಾದರೂ ಚೆಂದದ ಫೋಟೊ ಕೈಯಲ್ಲಿರಬೇಕು ಎಂಬ ಆಸೆ. ಆ ಆಸೆಯನ್ನು ಚಪ್ಪಲಿ ಬಿಡುವ ಜಾಗದಲ್ಲೇ ಬಿಟ್ಟು ಒಳಗೆ ಬನ್ನಿ. ಅಲ್ಲಿ ಮಾಡೆಲ್‌ಗೆ ಮೇಕಪ್ ಮಾಡಿದವರು ಯಾರೋ, ದೀಪ ಇಟ್ಟವರು ಯಾರೋ, ಶಟರ್ ಇಷ್ಟಿಡಿ, ಅಪರ್ಚರ್ ಇಷ್ಟಿಡಿ ಎಂದು ಹೇಳಿಕೊಟ್ಟವರು ಯಾರೋ. ನೀವು ಮಾಡಿದ್ದೆಂದರೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಫ್ಲ್ಯಾಶ್ ಬೆಳಗಿಸುವ ಟ್ರಿಗರನ್ನು ಕ್ಯಾಮೆರಾಗೆ ಸಿಕ್ಕಿಸಿಕೊಂಡು ಬಟನ್ ಒತ್ತಿದ್ದು. ಪಕ್ಕದವನ ಕಾರ್ಡಿನಲ್ಲೂ ಅದೇ ಚಿತ್ರ ಇದೆ, ಅವನ ಪಕ್ಕದವಳದರಲ್ಲೂ ಅದೇ. ವಾರ ಕಳೆಯುವುದರೊಳಗೆ ಒಂದೇ ಮುಖ, ಒಂದೇ ನೆರಳು ಬೇರೆ ಬೇರೆ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ತುಂಬ ಓಡಾಡುತ್ತಿರುತ್ತದೆ. ಅದನ್ನು ನೋಡಿ ಯಾರಾದರೂ ನಿಮಗೆ ಮದುವೆ ಕೆಲಸ ಕೊಟ್ಟರೆ ಪಜೀತಿ ನಿಮ್ಮದೇ. ಅಲ್ಲಿ ಬಂದು ದೀಪ ಇಟ್ಟುಕೊಡುವವರು ಇರುವುದಿಲ್ಲ.

ಹಾಗಾದರೆ ಹೋಗುವುದಾದರೂ ಯಾಕೆ, ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಅಲ್ಲಿ ಉಳಿದಿರುವುದು ಗೆದ್ದ ಚಿತ್ರ ಮಾತ್ರ. ಕೆಟ್ಟದ್ದನ್ನು ಕತ್ತರಿಸಿ ಎಸೆದಿರುತ್ತಾರೆ. ಎದುರಿಗೇ ನಡೆಯುವ ಪಾಠದಲ್ಲಿ ಹೇಳಿಕೊಡುವವರ ಮೊದಲ ಫೋಟೊ ಬಹುಪಾಲು ಕೆಟ್ಟದಾಗಿಯೇ ಬರುತ್ತದೆ. ಕನ್ನಡಕದಲ್ಲಿ ಬಿಳಿ ಚುಕ್ಕೆ, ಗೋಡೆಯ ಮೇಲೆ ಎರಡನೇ ತಲೆ, ಹಣೆಯಲ್ಲಿ ಎಣ್ಣೆ ಹಚ್ಚಿದಂಥ ಹೊಳಪು. ಅದನ್ನು ದೊಡ್ಡ ಪರದೆಯ ಮೇಲೆ ಎಲ್ಲರೆದುರು ನೋಡಿ, ಅವರು ಒಂದು ಕ್ಷಣ ಸುಮ್ಮನಾಗಿ, ಯಾವುದನ್ನು ಮೊದಲು ಮುಟ್ಟುತ್ತಾರೆ ಗಮನಿಸಿ. ದೀಪದ ಎತ್ತರವನ್ನೋ, ದೂರವನ್ನೋ, ಶಕ್ತಿಯನ್ನೋ? ಒಂದೇ ಸಲಕ್ಕೆ ಮೂರನ್ನೂ ಬದಲಿಸುವವರಾದರೆ ಅವರಿಗೂ ಗೊತ್ತಿಲ್ಲ ಎಂದು ತಿಳಿಯಿರಿ. ಒಂದನ್ನು ಮಾತ್ರ ಬದಲಿಸಿ, ಮತ್ತೆ ಹೊಡೆದು ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುವವರ ಹತ್ತಿರ ದುಡ್ಡು ಕೊಟ್ಟದ್ದು ದಂಡವಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದದ್ದು ಆ ಕ್ರಮವನ್ನು. ಎಫ್/5.6, 1/160 ಎಂಬ ಅಂಕಿಗಳನ್ನು ಬರೆದುಕೊಂಡರೆ ಅವು ಆ ಕೋಣೆಗೆ ಮಾತ್ರ ಸರಿ.

ಪಾಠದ ನಡುವೆ ಎಲ್ಲೋ ಒಂದು ಕಡೆ, ಯಾರಾದರೂ ಒಬ್ಬರು ಬಂದು ಈ ದೀಪದ ಸ್ಟ್ಯಾಂಡ್ ಹಿಡಿದುಕೊಳ್ಳಿ ಎಂಬ ಕರೆ ಬರುತ್ತದೆ. ಆಗ ಎಲ್ಲರೂ ತಮ್ಮ ಕ್ಯಾಮೆರಾವನ್ನೇ ನೋಡಿಕೊಳ್ಳುತ್ತ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ನೀವು ಮುಂದೆ ಹೋಗಿ. ಇಡೀ ದಿನ ನಿಮಗೆ ಒಂದು ಫೋಟೊ ಸಿಗದಿದ್ದರೂ ಚಿಂತೆಯಿಲ್ಲ. ಕ್ಯಾಮೆರಾ ಹಿಂದೆ ನಿಂತವರಿಗೆ ಕಾಣುವುದು ಚಿತ್ರ, ಸ್ಟ್ಯಾಂಡ್ ಪಕ್ಕ ನಿಂತವರಿಗೆ ಕಾಣುವುದು ಬೆಳಕು ನೋಡುವ ಮುಖ.

ಇದನ್ನು ಬಿಡಿಸಿ ಹೇಳಬೇಕು. ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ. ಹಾಗಾಗಿ ಫ್ಲ್ಯಾಶಿನ ತಲೆಯ ಪಕ್ಕಕ್ಕೆ ನಿಮ್ಮ ಕಣ್ಣಿಟ್ಟು ಎದುರಿನವರನ್ನು ನೋಡಿದರೆ, ಅಲ್ಲಿಂದ ಯಾವುದು ಕಾಣುತ್ತದೋ ಅಷ್ಟಕ್ಕೆ ನೇರ ಬೆಳಕು, ಯಾವುದು ಕಾಣದೋ ಅದು ನೆರಳು. ಮೂಗಿನ ಮರೆಯಲ್ಲಿ ಆ ಕಡೆಯ ಕಣ್ಣು ಅಡಗಿದ್ದರೆ ಫೋಟೊದಲ್ಲಿ ಆ ಕಣ್ಣು ಕತ್ತಲು. ನಿಮ್ಮ ಜಾಗದಿಂದ ಎರಡು ಕಣ್ಣೂ ಕಾಣುವವರೆಗೆ ಸ್ಟ್ಯಾಂಡನ್ನು ಒಂದು ಗೇಣು ಮುಂದಕ್ಕೆ ತನ್ನಿ. ಆ ಕಡೆಯ ಕೆನ್ನೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಬೆಳಕಿನ ತ್ರಿಕೋನ ಮಾತ್ರ ಬಿಟ್ಟು ಉಳಿದದ್ದು ಕತ್ತಲಾದರೆ, ಅದನ್ನೇ ರೆಂಬ್ರಾಂಟ್ ಲೈಟ್ ಎನ್ನುತ್ತಾರೆ. ಹದಿನೇಳನೇ ಶತಮಾನದ ಆ ಡಚ್ ಕಲಾವಿದನ ಭಾವಚಿತ್ರಗಳಲ್ಲಿ ಇಂಥ ಬೆಳಕು ಹೆಚ್ಚು ಕಾಣುವುದರಿಂದ ಬಂದ ಹೆಸರು. ಫ್ಲ್ಯಾಶ್ ಬೆಳಗುವುದು ಪೂರ್ತಿ ಶಕ್ತಿಯಲ್ಲಿ ಸುಮಾರು 1/1000 ಸೆಕೆಂಡ್, ಶಕ್ತಿ ತಗ್ಗಿಸಿದಂತೆ 1/20000ಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ನೆರಳು ಎಲ್ಲಿ ಬಿತ್ತೆಂದು ಯಾವ ಕಣ್ಣಿಗೂ ತಿಳಿಯದು. ಆದ್ದರಿಂದ ಮೊದಲೇ ಊಹಿಸುವುದನ್ನು ಕಲಿಯಬೇಕು. ಊಹೆ ಕಲಿಸುವ ಜಾಗ ಸ್ಟ್ಯಾಂಡಿನ ಪಕ್ಕ.

ಕ್ಯಾಮೆರಾ ತಲೆಯ ಮೇಲೆ ಕೂತ ಫ್ಲ್ಯಾಶಿನ ದೋಷವೂ ಇದರಿಂದಲೇ ಅರ್ಥವಾಗುತ್ತದೆ. ಅದು ಲೆನ್ಸ್ ನೋಡುವ ಜಾಗದಿಂದಲೇ ನೋಡುತ್ತದೆ. ಲೆನ್ಸಿಗೆ ಕಂಡದ್ದೆಲ್ಲಕ್ಕೂ ಬೆಳಕು, ನೆರಳೆಲ್ಲ ವಸ್ತುವಿನ ಬೆನ್ನಿಗೆ. ನೆರಳಿಲ್ಲದ ಮೂಗು ಚಪ್ಪಟೆ, ನೆರಳಿಲ್ಲದ ಗಲ್ಲ ಕತ್ತಿನ ಜೊತೆ ಕಲಸಿಹೋಗುತ್ತದೆ. ಆಧಾರ್ ಕಾರ್ಡಿನ ಫೋಟೊ ಹಾಗಿದ್ದರೆ ನಡೆದೀತು, ಮದುಮಗಳದ್ದು ನಡೆಯದು. ಅದೇ ಫ್ಲ್ಯಾಶನ್ನು ಕಳಚಿ ಒಂದು ಕಡೆಗೆ ಒಯ್ದು ತಲೆಗಿಂತ ಸ್ವಲ್ಪ ಮೇಲೆ ಹಿಡಿದರೆ ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ಈ ವಿದ್ಯೆಯ ಮೂಲ ಇಷ್ಟೇ.

ಮೊದಲು ಸ್ಟ್ಯಾಂಡ್ ಹಿಡಿಯಿರಿ ಎಂಬ ಮಾತು ಹಳೆಯದು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಓದಿ ಮುಂಬಯಿಗೆ ಹೋದವರು. ಓದಿದ್ದೇನೆ ಎಂದು ನೇರ ಕ್ಯಾಮೆರಾ ಹಿಂದೆ ಕೂರಲಿಲ್ಲ. ಛಾಯಾಗ್ರಾಹಕ ಫಲಿ ಮಿಸ್ತ್ರಿಯಂಥವರ ಕೈಕೆಳಗೆ ಸಹಾಯಕರಾಗಿ ದುಡಿದರು. 1951ರ ‘ಬಾಜಿ’ ಚಿತ್ರದಲ್ಲೂ ಅವರು ಸಹಾಯಕರೇ. ಅಲ್ಲಿ ಒಂದು ಕಷ್ಟದ ಶಾಟ್ ತೆಗೆದುಕೊಟ್ಟದ್ದನ್ನು ಕಂಡು ನಿರ್ದೇಶಕ ಗುರುದತ್ ತಮ್ಮ ಮುಂದಿನ ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೊದ ಕತ್ತಲಿಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬವನ್ನು ನೋಡಿ. ದೊಡ್ಡ ದೀಪ ತರಿಸಿ ಮಾಡಿದ್ದಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದದ್ದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಛಾಯಾಗ್ರಾಹಕ ಸುಬ್ರತ ಮಿತ್ರ 1956ರ ‘ಅಪರಾಜಿತೊ’ ಚಿತ್ರಕ್ಕೆ ಮಾಡಿದ್ದೂ ಇದೇ ಜಾತಿಯ ಕೆಲಸ. ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಿ, ಮೇಲೆ ಬಿಳಿ ಬಟ್ಟೆ ಹರಡಿ, ದೀಪಗಳ ಬೆಳಕನ್ನು ಆ ಬಟ್ಟೆಗೆ ಹೊಡೆದು ವಾಪಸ್ ಬರುವಂತೆ ಮಾಡಿದರು. ಆಕಾಶದಿಂದ ಇಳಿದ ಬೆಳಕೇ ಅನ್ನಿಸುವಂತಿದೆ. ಮದುವೆ ಮನೆಯ ಬಿಳಿ ಚಾವಣಿಗೆ ಫ್ಲ್ಯಾಶ್ ತಿರುಗಿಸುವಾಗ ನೀವು ಮಾಡುತ್ತಿರುವುದು ಅದನ್ನೇ. ಚಾವಣಿಗೆ ಹಸಿರೋ ಗುಲಾಬಿಯೋ ಬಣ್ಣ ಬಳಿದಿದ್ದರೆ ಮಾತ್ರ ಕೈಬಿಡಿ, ಮುಖಗಳೂ ಅದೇ ಬಣ್ಣಕ್ಕೆ ತಿರುಗುತ್ತವೆ.

ನಮ್ಮ ಮದುವೆ ಮನೆಗಳಲ್ಲೂ ಲೈಟ್ ಬಾಯ್ ಎಂಬ ಒಬ್ಬ ಹುಡುಗ ಇರುತ್ತಿದ್ದ. ಸಾವಿರ ವ್ಯಾಟಿನ ಹ್ಯಾಲೊಜನ್ ದೀಪ ಎತ್ತಿ ಹಿಡಿದು, ವೈರ್ ಎಳೆದುಕೊಂಡು, ಓಲಗದವರ ಕಾಲಿಗೆ ತೊಡರದ ಹಾಗೆ ವಿಡಿಯೊದವನ ಹಿಂದೆ ಓಡುತ್ತಿದ್ದ. ಪುರೋಹಿತರು ಬೆವರುತ್ತ ಅವನನ್ನು ಗದರುತ್ತಿದ್ದರು. ಊಟಕ್ಕೆ ಕೊನೆಯ ಪಂಕ್ತಿ. ಆ ಹುಡುಗರಲ್ಲಿ ಎಷ್ಟೋ ಜನ ಇಂದು ಜಿಲ್ಲಾ ಕೇಂದ್ರಗಳಲ್ಲಿ ಸ್ವಂತ ಸ್ಟುಡಿಯೊ ಇಟ್ಟುಕೊಂಡಿದ್ದಾರೆ. ಕ್ಯಾಮೆರಾ ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು; ಅವರಿಗೆ ಅದಕ್ಕಿಂತ ಮೊದಲೇ ಬೆಳಕು ಗೊತ್ತಿತ್ತು. ಈಗ ಲೈಟ್ ಬಾಯ್ ಕೆಲಸ ಮಾಡು ಎಂದರೆ ಇಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ಮುಖ ಬಾಡುತ್ತದೆ. ಬಾಡಲಿ, ಆದರೂ ಹಿಡಿ ಎನ್ನುತ್ತೇನೆ ನಾನು.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಎಂದ ಕೂಡಲೇ ಫೋನ್ ತೆಗೆಯಬೇಡಿ, ಇಲ್ಲಿರುವುದು ಹೈಸ್ಕೂಲಿನ ಭೌತಶಾಸ್ತ್ರ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರೆಲ್ಲ ಕಾರ್ಯಾಗಾರದಲ್ಲಿ ಮರೆತಿರುತ್ತಾರೆ. ಮಾಡೆಲ್‌ನಿಂದ ಒಂದು ಮೀಟರ್ ದೂರದಲ್ಲಿ ದೀಪ, ಅವಳ ಹಿಂದೆ ಎರಡು ಮೀಟರಿಗೆ ಗೋಡೆ ಇದೆ ಎನ್ನಿ. ಗೋಡೆಗೆ ದೀಪದಿಂದ ಮೂರು ಮೀಟರ್. ಮುಖಕ್ಕೆ ಬಿದ್ದ ಬೆಳಕಿನ ಒಂಬತ್ತನೇ ಒಂದು ಪಾಲು ಗೋಡೆಗೆ. ಬಿಳಿ ಗೋಡೆ ಬೂದುಬಣ್ಣಕ್ಕಿಳಿಯುತ್ತದೆ. ಈಗ ದೀಪವನ್ನು ನಾಲ್ಕು ಮೀಟರಿಗೆ ಒಯ್ದು ಶಕ್ತಿ ಹೆಚ್ಚಿಸಿ, ಮುಖಕ್ಕೆ ಮೊದಲಿನಷ್ಟೇ ಬೆಳಕು ಬರುವಂತೆ ಮಾಡಿ. ಮುಖಕ್ಕೆ ನಾಲ್ಕು, ಗೋಡೆಗೆ ಆರು ಮೀಟರ್. ಗೋಡೆಗೆ ಹತ್ತಿರಹತ್ತಿರ ಅರ್ಧದಷ್ಟು ಬೆಳಕು. ಗೋಡೆ ತನ್ನ ಬಿಳುಪಿಗೆ ಮರಳುತ್ತದೆ. ಹಿನ್ನೆಲೆಗೆ ಬಟ್ಟೆ ಕಟ್ಟಲಿಲ್ಲ, ಬಣ್ಣ ಬಳಿಯಲಿಲ್ಲ, ಸ್ಟ್ಯಾಂಡ್ ಸರಿಸಿದ್ದಷ್ಟೇ.

ಬೀಗರ ಗುಂಪು ಫೋಟೊದಲ್ಲಿ ಈ ಲೆಕ್ಕ ಹೊಟ್ಟೆಗೆ ಅನ್ನ ಹಾಕುತ್ತದೆ. ವೇದಿಕೆ ಮೇಲೆ ಸಾಲಾಗಿ ನಿಂತವರ ಒಂದು ತುದಿಗೆ ಎರಡು ಮೀಟರ್ ದೂರದಲ್ಲಿ ಸ್ಟ್ಯಾಂಡ್ ಇಟ್ಟರೆ ಇನ್ನೊಂದು ತುದಿಗೆ ನಾಲ್ಕು ಮೀಟರ್ ಆಗುತ್ತದೆ. ಆ ತುದಿಯ ಸೋದರಮಾವನಿಗೆ ಕಾಲುಭಾಗ ಬೆಳಕು. ಆಲ್ಬಂ ಬಂದಾಗ ಅವರೇ ಮೊದಲು ಕೇಳುವುದು. ಸ್ಟ್ಯಾಂಡನ್ನು ಹಾಲ್‌ನ ಹಿಂದಕ್ಕೆ, ಆರು ಮೀಟರಿಗೆ ತಳ್ಳಿ. ಈಗ ಒಂದು ತುದಿಗೆ ಆರು, ಇನ್ನೊಂದಕ್ಕೆ ಹೆಚ್ಚೆಂದರೆ ಎಂಟು. ವ್ಯತ್ಯಾಸ ಒಂದು ಸ್ಟಾಪಿಗೂ, ಅಂದರೆ ಎರಡು ಪಟ್ಟಿಗೂ, ಕಡಿಮೆ. ಶಕ್ತಿ ಹೆಚ್ಚು ಬೇಕಾಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ, ಆದರೆ ಮಾವನವರು ಸುಮ್ಮನಿರುತ್ತಾರೆ.

ಶಟರ್ ಮತ್ತು ಅಪರ್ಚರ್ ವಿಚಾರ ಎಲ್ಲ ಕಾರ್ಯಾಗಾರಗಳಲ್ಲೂ ಜನ ಬೆರಗಾಗುವ ಘಟ್ಟ. ಕೋಣೆಯ ಬೆಳಕು ತೊಟ್ಟಿಕ್ಕುವ ನಲ್ಲಿ ಎನ್ನಿ, ಫ್ಲ್ಯಾಶ್ ಒಂದೇ ಏಟಿಗೆ ಎರಚಿದ ಒಂದು ಚೆಂಬು ನೀರು. ಪಾತ್ರೆಯನ್ನು ಎಷ್ಟು ಹೊತ್ತು ಒಡ್ಡಿದ್ದೀರಿ ಎನ್ನುವುದು ನಲ್ಲಿಗೆ ಲೆಕ್ಕ. ಚೆಂಬಿನ ನೀರು ಹೇಗೂ ಕ್ಷಣದಲ್ಲಿ ಬಿದ್ದಾಯಿತು, ಅದಕ್ಕೆ ಪಾತ್ರೆಯ ಬಾಯಿ ಎಷ್ಟು ಅಗಲ ಎನ್ನುವುದಷ್ಟೇ ಮುಖ್ಯ. ಹಾಗಾಗಿ ಶಟರ್ ಬದಲಿಸಿದರೆ ಕೋಣೆ ಬೆಳಗುತ್ತದೆ ಅಥವಾ ಮಂಕಾಗುತ್ತದೆ, ಮುಖದ ಮೇಲಿನ ಫ್ಲ್ಯಾಶ್ ಬೆಳಕು ಅಲುಗಾಡುವುದಿಲ್ಲ. ಅಪರ್ಚರ್ ಬದಲಿಸಿದರೆ ಎರಡೂ ಬದಲಾಗುತ್ತವೆ. ಛತ್ರದಲ್ಲಿ ಮಂಟಪದ ಸೀರಿಯಲ್ ಸೆಟ್ ಹಿನ್ನೆಲೆಯಾಗಿರುವಾಗ 1/200ರಲ್ಲಿ ಒಂದು ತೆಗೆಯಿರಿ. ಜೋಡಿಯ ಮುಖ ಸರಿಯಾಗಿದೆ, ಹಿಂದೆ ಬಾವಿಯಂಥ ಕತ್ತಲು. ಉಳಿದದ್ದನ್ನು ಮುಟ್ಟದೆ ಶಟರನ್ನು 1/25ಕ್ಕೆ ಇಳಿಸಿ. ಎಂಟು ಪಟ್ಟು ಹೆಚ್ಚು ಹೊತ್ತು ತೆರೆದಿರುವುದರಿಂದ ದೀಪಗಳೆಲ್ಲ ಎದ್ದು ಬರುತ್ತವೆ, ಮುಖ ಮೊದಲು ಹೇಗಿತ್ತೋ ಹೆಚ್ಚುಕಡಿಮೆ ಹಾಗೇ. ಒಂದೇ ಎಚ್ಚರ: ಮುಖದ ಮೇಲೂ ಹಾಲ್‌ನ ಬೆಳಕು ಜೋರಾಗಿ ಬೀಳುತ್ತಿದ್ದರೆ, ಅವರು ಅಲುಗಿದಾಗ ಅಂಚಿನಲ್ಲಿ ಭೂತದ ನೆರಳಿನಂಥ ಗೆರೆ ಬರುತ್ತದೆ.

ಶಟರ್ ವೇಗ ಹೆಚ್ಚಿಸುತ್ತ ಮೇಲಕ್ಕೆ ಹೋಗುವಾಗ ಮಾತ್ರ ಕಟ್ಟು ಇದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಚಿತ್ರದ ಒಂದು ಕಡೆ ಕಪ್ಪು ಪಟ್ಟಿ ಬೀಳುತ್ತದೆ. ಶಟರಿಗೆ ಎರಡು ಪರದೆಗಳಿವೆ. ಆ ವೇಗಕ್ಕಿಂತ ಮೇಲೆ ಮೊದಲನೆಯದು ಪೂರ್ತಿ ತೆರೆಯುವ ಮುಂಚೆಯೇ ಎರಡನೆಯದು ಮುಚ್ಚಲು ಹೊರಟಿರುತ್ತದೆ. ಫ್ಲ್ಯಾಶ್ ಬೆಳಗಿದ ಹೊತ್ತಿನಲ್ಲಿ ಸೆನ್ಸರಿನ ಸ್ವಲ್ಪ ಭಾಗ ಮುಚ್ಚಿಯೇ ಇರುತ್ತದೆ. ಹೈ ಸ್ಪೀಡ್ ಸಿಂಕ್ ಇದೆಯಲ್ಲ ಎನ್ನುತ್ತೀರಿ. ಇದೆ, ಒಂದು ದೊಡ್ಡ ಏಟಿನ ಬದಲು ಸಣ್ಣ ಸಣ್ಣ ಮಿಡಿತಗಳಲ್ಲಿ ಬೆಳಗುತ್ತದೆ, ಶಕ್ತಿ ಬಹಳ ಸೋರಿಹೋಗುತ್ತದೆ. ಮಟಮಟ ಮಧ್ಯಾಹ್ನ ಒಂದು ಚಿಕ್ಕ ಫ್ಲ್ಯಾಶ್ ಹಿಡಿದು ಸೂರ್ಯನ ಜೊತೆ ಜಗಳಕ್ಕೆ ನಿಲ್ಲುವುದು ಅಷ್ಟು ಜಾಣತನವಲ್ಲ. ಮರದ ನೆರಳಿಗೆ ಹೋಗಿ, ಅಥವಾ ಐದೂವರೆಯವರೆಗೆ ಕಾಯಿರಿ.

ಮೆದು ಬೆಳಕು ಎಂಬ ವಿಚಾರದಲ್ಲಿ ಅಂಗಡಿಯವರು ನಿಮ್ಮನ್ನು ಸುಲಭವಾಗಿ ಯಾಮಾರಿಸುತ್ತಾರೆ. ಫ್ಲ್ಯಾಶಿನ ಮೂತಿಗೆ ಹಾಕುವ ಪುಟ್ಟ ಪ್ಲಾಸ್ಟಿಕ್ ಟೋಪಿ ಬೆಳಕನ್ನು ತಾನಾಗಿ ಮೆದು ಮಾಡುವುದಿಲ್ಲ. ಅದು ಕೋಣೆಯೆಲ್ಲ ಬೆಳಕು ಚೆಲ್ಲುತ್ತದೆ, ಹತ್ತಿರದಲ್ಲಿ ಬಿಳಿ ಗೋಡೆ ಇದ್ದರೆ ಅದು ವಾಪಸ್ ಕೊಟ್ಟೀತು. ಬಯಲಿನಲ್ಲಿ ಹಾಕಿಕೊಂಡರೆ ಬ್ಯಾಟರಿ ದಂಡ. ಬೆಳಕು ಮೆದುವಾಗುವುದು ಮೂಲ ದೊಡ್ಡದಾಗಿ ಕಂಡಾಗ, ಅದೂ ಎದುರಿನವರ ಮುಖದಿಂದ ನೋಡಿದಾಗ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮಗೆ ಅದು ಒಂದು ಬಿಲ್ಲೆ, ನೆರಳು ಬ್ಲೇಡಿನಷ್ಟು ಚೂಪು. ನಲವತ್ತು ಇಂಚಿನ ಬಿಳಿ ಛತ್ರಿಯನ್ನು ಮುಖದಿಂದ ಒಂದು ಮೀಟರಿಗೆ ತಂದರೆ ಅದು ಕಿಟಕಿಯಷ್ಟು ದೊಡ್ಡದು. ಅದೇ ಛತ್ರಿಯನ್ನು ಐದು ಮೀಟರಿಗೆ ಒಯ್ದರೆ ಮತ್ತೆ ಗಡಸು ಬೆಳಕೇ. ನೂರಾರು ರೂಪಾಯಿಯ ಛತ್ರಿ ಹತ್ತಿರವಿದ್ದರೆ ಸಾಕು; ಸಾವಿರಾರು ರೂಪಾಯಿಯ ಸಾಫ್ಟ್‌ಬಾಕ್ಸ್ ದೂರದಲ್ಲಿ ನಿಂತು ಏನೂ ಮಾಡದು.

ರೇಷ್ಮೆ ಸೀರೆಯ ಜರಿಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಜರಿ ಲೋಹದ ಹಾಗೆ ವರ್ತಿಸುತ್ತದೆ, ತನ್ನೆದುರು ಏನಿದೆಯೋ ಅದನ್ನು ತೋರಿಸುತ್ತದೆ. ಬರಿಯ ಫ್ಲ್ಯಾಶ್ ಹೊಡೆದರೆ ಸೆರಗಿನ ಮೇಲೆ ಸೂಜಿಮೊನೆಯಂಥ ನಾಲ್ಕಾರು ಬಿಳಿ ಚುಕ್ಕೆಗಳು ಸುಟ್ಟುಹೋಗಿ, ಉಳಿದ ಚಿನ್ನವೆಲ್ಲ ಕಂದು ದಾರದಂತೆ ಮಂಕಾಗಿರುತ್ತದೆ. ದೊಡ್ಡ ಛತ್ರಿಯನ್ನು ಓರೆಯಾಗಿ ಹತ್ತಿರ ತಂದಾಗ ಅದರ ಬಿಳುಪು ಎಳೆ ಎಳೆಯಲ್ಲೂ ಪ್ರತಿಫಲಿಸಿ, ಅಂಚಿನ ಉದ್ದಕ್ಕೂ ಹೊಳಪು ಹರಿದಾಡುತ್ತದೆ; ನೆಯ್ದ ಹಂಸದ ಕೊಕ್ಕು, ಕಣ್ಣು ಬೇರೆ ಬೇರೆಯಾಗಿ ಕಾಣುತ್ತವೆ. ಸೀರೆಗೆ ಅಷ್ಟು ದುಡ್ಡು ಕೊಟ್ಟ ಮನೆಯವರು ನಿಮ್ಮ ಹೆಸರು ನೆನಪಿಟ್ಟುಕೊಳ್ಳುವುದು ಇಂಥದ್ದರಿಂದ. ಕನ್ನಡಕಕ್ಕೂ ಇದೇ ನಿಯಮ. ಬೆಳಕು ಬಿದ್ದ ಕೋನದಲ್ಲೇ ಹಿಂತಿರುಗುತ್ತದೆ, ಆದ್ದರಿಂದ ದೀಪವನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಅಥವಾ ಅವರ ಗಲ್ಲ ಒಂದಿಷ್ಟು ತಗ್ಗಿಸಲು ಹೇಳಿ. ಚುಕ್ಕೆ ಲೆನ್ಸ್ ತಪ್ಪಿಸಿ ಕೆಳಗೆ ಹೋಗುತ್ತದೆ. ತಾತನ ಕನ್ನಡಕ ತೆಗೆಸಬೇಡಿ. ಅದಿಲ್ಲದೆ ಅವರು ಅವರಾಗಿರುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಸ್ವಲ್ಪ ಬೆಳ್ಳಗೆ ಬರೋ ಹಾಗೆ ಲೈಟ್ ಹಾಕಿ ಸಾರ್ ಎಂದು ಕೇಳುವವರು ಪ್ರತಿ ಮದುವೆಯಲ್ಲೂ ಸಿಗುತ್ತಾರೆ. ಕೆಲವು ಕಾರ್ಯಾಗಾರಗಳಲ್ಲಿ ಹೇಳಿಕೊಡುವವರೇ ಒಂದು ಸ್ಟಾಪ್ ಹೆಚ್ಚಿಗೆ ಹೊಡೆದು, ನೋಡಿ ಹೇಗೆ ಗ್ಲೋ ಬಂತು ಎನ್ನುತ್ತಾರೆ. ಅದು ಗ್ಲೋ ಅಲ್ಲ, ಚರ್ಮದ ವಿವರ ತೊಳೆದುಹೋದದ್ದು. ಕಪ್ಪು ಮೈಬಣ್ಣಕ್ಕೆ ಆಕಾರ ಬರುವುದು ಹೊಳಪಿನಿಂದ. ಕೆನ್ನೆಯ ಮೂಳೆಯ ಮೇಲೆ, ಮೂಗಿನ ಅಂಚಿನ ಮೇಲೆ ದೊಡ್ಡ ಬೆಳಕಿನ ಪ್ರತಿಫಲನ ಮೆಲ್ಲಗೆ ಜಾರುವಂತೆ ದೀಪವನ್ನು ಪಕ್ಕಕ್ಕೆ ಸರಿಸಿ. ಆಗ ಆ ಬಣ್ಣಕ್ಕಿರುವ ಆಳ ಯಾವ ಬಿಳುಪಿಗೂ ಬರುವುದಿಲ್ಲ. ಇದನ್ನು ಸರಿಯಾಗಿ ತೆಗೆದು ತೋರಿಸಿದರೆ ಬೆಳ್ಳಗೆ ಮಾಡಿ ಎಂದು ಕೇಳಿದವರೇ ಅದನ್ನು ಗೋಡೆಗೆ ಹಾಕಿಸುತ್ತಾರೆ. ತೆಗೆಯಲು ಬರದವರು ಫೋಟೊಶಾಪಿನಲ್ಲಿ ಸುಣ್ಣ ಬಳಿಯುತ್ತಾರೆ.

ಬಣ್ಣದ ಜೆಲ್ ಹಾಳೆಗಳ ಬಗ್ಗೆ ಚಿಕ್ಕವರಿಗೆ ಬಹಳ ಮೋಹ. ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಹಾಕಿ ಮಾಡೆಲನ್ನು ಜಾತ್ರೆಯ ತೊಟ್ಟಿಲಿನ ಮುಂದೆ ನಿಲ್ಲಿಸಿದ ಹಾಗೆ ಮಾಡುತ್ತಾರೆ. ಅದು ಒಂದು ಸಂಜೆಯ ಖುಷಿ. ಜೆಲ್‌ನ ನಿಜವಾದ ಕೆಲಸ ಕಾಣುವುದು ಹೋಮಕುಂಡದ ಮುಂದೆ. ಬೆಂಕಿಯ ಬೆಳಕು ಸುಮಾರು 1900 ಕೆಲ್ವಿನ್, ಗಾಢ ಕೇಸರಿ. ಫ್ಲ್ಯಾಶ್ ಹಗಲಿನ ಹಾಗೆ 5500. ಹಾಗೇ ಹೊಡೆದರೆ ಕುಂಡದ ಎದುರು ಕೂತ ದಂಪತಿಯ ಮುಖ ನೀಲಿಬಿಳುಪಾಗಿ, ಬೆಂಕಿ ಎಲ್ಲೋ ಬೇರೆ ಕಡೆಯದು ಎನ್ನಿಸುತ್ತದೆ. ಸಿಟಿಒ ಎಂಬ ಕಿತ್ತಳೆ ಜೆಲ್ ಫ್ಲ್ಯಾಶನ್ನು 3200ರ ಆಸುಪಾಸಿಗೆ ಇಳಿಸುತ್ತದೆ. ದೀಪವನ್ನು ಬೆಂಕಿ ಇರುವ ಕಡೆಯಿಂದಲೇ, ತೀರಾ ತಗ್ಗಿನಿಂದ, ಶಕ್ತಿ 1/32ಕ್ಕೋ 1/64ಕ್ಕೋ ಇಟ್ಟು ಹೊಡೆಯಿರಿ. ಫ್ಲ್ಯಾಶ್ ಹೊಡೆದದ್ದೇ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಶಕ್ತಿ ಇನ್ನೂ ತಗ್ಗಿಸಿ. ಇದು ನನ್ನ ಲೆಕ್ಕದಲ್ಲಿ ಈ ವಿದ್ಯೆಯ ಅತಿ ಸುಂದರ ಭಾಗ, ಕಾರ್ಯಾಗಾರಗಳಲ್ಲಿ ಅತಿ ಕಡಿಮೆ ಹೇಳಿಕೊಡುವ ಭಾಗವೂ ಹೌದು.

ಮಾಡೆಲ್ ಬಗ್ಗೆ. ಬೆಳಗ್ಗಿನಿಂದ ಕಣ್ಣಿಗೆ ಫ್ಲ್ಯಾಶ್ ಹೊಡೆಸಿಕೊಂಡು ನಗುತ್ತ ಕೂತಿರುವುದು ಒಬ್ಬ ಮನುಷ್ಯ. ಹೆಸರು ಕೇಳಿ, ಹೆಸರಿನಿಂದ ಕರೆಯಿರಿ. ಕೂದಲು, ಸೆರಗು ಸರಿ ಮಾಡಬೇಕಾದರೆ ಬಾಯಲ್ಲಿ ಹೇಳಿ, ಕೈ ಹಾಕಬೇಡಿ. ಚಿತ್ರವನ್ನು ಎಲ್ಲಿ ಹಾಕುತ್ತೀರಿ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಸಾಧ್ಯವಾದರೆ ಒಂದು ಹತ್ತು ನಿಮಿಷ ನೀವೇ ಆ ಸ್ಟೂಲಿನ ಮೇಲೆ ಕೂತು ನೋಡಿ. ಛತ್ರಿ ಎಷ್ಟು ಹತ್ತಿರ, ಎಷ್ಟು ಸೆಖೆ, ಕಣ್ಣು ಎಲ್ಲಿಡಬೇಕೆಂದು ತಿಳಿಯದಿದ್ದಾಗ ಎಷ್ಟು ಮುಜುಗರ, ಎಲ್ಲ ಗೊತ್ತಾಗುತ್ತದೆ. ಆಮೇಲೆ ನೀವು ಇನ್ನೊಬ್ಬರಿಗೆ ಕೊಡುವ ಸೂಚನೆಯ ದನಿಯೇ ಬೇರೆಯಾಗಿರುತ್ತದೆ.

ಸ್ಟ್ಯಾಂಡ್ ಹಿಡಿಯುವವರಿಗೆ ಜವಾಬ್ದಾರಿಯೂ ಇದೆ. ಬಯಲಿನಲ್ಲಿ ಛತ್ರಿ ಬಿಚ್ಚಿದ ಸ್ಟ್ಯಾಂಡ್ ಗಾಳಿಗೆ ಹಾಯಿಯಾಗುತ್ತದೆ. ಮರಳಿನ ಚೀಲ ಇಲ್ಲದಿದ್ದರೆ ಬಟ್ಟೆ ಚೀಲಕ್ಕೆ ನಾಲ್ಕು ನೀರಿನ ಬಾಟಲಿ ತುಂಬಿ ಬುಡಕ್ಕೆ ತೂಗುಹಾಕಿ. ಮದುವೆ ಮನೆಯಲ್ಲಿ ಮಕ್ಕಳು ಓಡಾಡುವ ಹಾದಿಯಲ್ಲಿ ಸ್ಟ್ಯಾಂಡ್ ನೆಟ್ಟು ಬಿಟ್ಟುಹೋಗುವುದು ಅಪರಾಧವೇ ಸರಿ. ಅಲ್ಲಿ ಹಿಡಿಯುವ ಕೈ ಬೇಕೇ ಬೇಕು. ಬೇರೆಯವರ ಫ್ಲ್ಯಾಶ್ ಕಂಡು ಬೆಳಗುವ ಹಳೆಯ ಆಪ್ಟಿಕಲ್ ಸ್ಲೇವ್ ನಂಬಬೇಡಿ. ಅತಿಥಿಗಳ ಪ್ರತಿ ಕ್ಯಾಮೆರಾಗೂ ನಿಮ್ಮ ದೀಪ ಬೆಳಗಿ, ಮಾಂಗಲ್ಯಧಾರಣೆಯ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ. ರೇಡಿಯೊ ಟ್ರಿಗರ್ ಈಗ ಅಗ್ಗವಾಗಿದೆ. ಕೆಟ್ಟ ಫ್ಲ್ಯಾಶನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಾಕಿ ಬಿಚ್ಚುವ ಕುತೂಹಲ ಬೇಡ. ಒಳಗಿನ ಕೆಪ್ಯಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಇರುತ್ತದೆ.

ಕಾರ್ಯಾಗಾರ ಮುಗಿದ ವಾರದಲ್ಲೇ ಮನೆಯಲ್ಲಿ ಕೂತು ಕೆಲಸ ಮಾಡದಿದ್ದರೆ ಕಲಿತದ್ದು ನಿಲ್ಲುವುದಿಲ್ಲ. ಮಾಡೆಲ್ ಬೇಕಿಲ್ಲ. ಅಡುಗೆ ಮನೆಯಿಂದ ಒಂದು ತೆಂಗಿನಕಾಯಿ, ಒಂದು ಹಿತ್ತಾಳೆ ಚೊಂಬು ತನ್ನಿ. ಕೋಣೆಯ ಬೆಳಕು ಆರಿಸಿ, ಒಂದೇ ಫ್ಲ್ಯಾಶಿನಿಂದ ಮೊದಲು ಕಾಯಿಯನ್ನು ತೆಗೆಯಿರಿ. ಪಕ್ಕದಿಂದ ಬೆಳಕು ಬಂದಾಗ ನಾರು ಹೇಗೆ ಎದ್ದು ನಿಲ್ಲುತ್ತದೆ, ಎದುರಿನಿಂದ ಬಂದಾಗ ಹೇಗೆ ಮಲಗುತ್ತದೆ ನೋಡಿ. ಚೊಂಬಿಗೆ ಆ ಆಟ ನಡೆಯದು. ಅದು ಫ್ಲ್ಯಾಶನ್ನೂ, ನಿಮ್ಮ ಅಂಗಿಯನ್ನೂ, ಹಿಂದಿನ ಬೀರುವನ್ನೂ ತೋರಿಸುತ್ತದೆ. ಆಗ ಚೊಂಬಿಗೆ ಬೆಳಕು ಹಾಕುವುದನ್ನು ಬಿಟ್ಟು ಅದರ ಪಕ್ಕ ಒಂದು ಬಿಳಿ ಪಂಚೆ ಕಟ್ಟಿ, ಪಂಚೆಗೆ ಬೆಳಕು ಹಾಕಿ. ಚೊಂಬಿನ ಹೊಟ್ಟೆಯ ಮೇಲೆ ಮೇಲಿಂದ ಕೆಳಗೆ ಒಂದು ನುಣುಪಾದ ಬಿಳಿ ಪಟ್ಟಿ ಬರುತ್ತದೆ, ಚೊಂಬು ಗುಂಡಗಾಗುತ್ತದೆ. ಒರಟು ವಸ್ತುವಿಗೆ ಒಂದು ದಾರಿ, ಹೊಳೆಯುವ ವಸ್ತುವಿಗೆ ಇನ್ನೊಂದು ದಾರಿ ಎಂಬುದು ಕೈಗೆ ಹತ್ತಿದ ಮೇಲೆ ಮುಖವೂ ಸೀರೆಯೂ ಒಡವೆಯೂ ಒಂದೇ ಚಿತ್ರದಲ್ಲಿ ಬಂದಾಗ ಗಾಬರಿಯಾಗುವುದಿಲ್ಲ. ಇಂಗ್ಲಿಷ್ ಓದುವವರು ‘ಲೈಟ್: ಸೈನ್ಸ್ ಅಂಡ್ ಮ್ಯಾಜಿಕ್’ ಎಂಬ ಪುಸ್ತಕ ಹುಡುಕಿ. ಕ್ಯಾಮೆರಾ ಬ್ರ್ಯಾಂಡುಗಳ ಗೊಡವೆ ಇಲ್ಲದೆ ಈ ಒಂದೇ ವಿಷಯವನ್ನು ಹಿಡಿದು ಬರೆದದ್ದು.

ಕೊಳ್ಳುವ ವಿಚಾರ ಕೊನೆಗಿಟ್ಟಿದ್ದೇನೆ, ಏಕೆಂದರೆ ನಿಮಗೆ ಅದೇ ಮೊದಲು. ಅಮೆರಿಕದ ಬಾಲ್ಟಿಮೋರಿನ ಪತ್ರಿಕಾ ಛಾಯಾಗ್ರಾಹಕರಾಗಿದ್ದ ಡೇವಿಡ್ ಹಾಬಿ 2006ರಿಂದ ಜಗತ್ತಿಗೆಲ್ಲ ಹೇಳಿಕೊಟ್ಟದ್ದು ಇಷ್ಟನ್ನೇ: ಕೈಚೀಲದಲ್ಲಿ ಹಿಡಿಸುವ ಒಂದು ಚಿಕ್ಕ ಫ್ಲ್ಯಾಶ್, ಒಂದು ಸ್ಟ್ಯಾಂಡ್, ಒಂದು ಛತ್ರಿ. ಅಷ್ಟರಿಂದ ಪತ್ರಿಕೆಗೆ ಬೇಕಾದ ಭಾವಚಿತ್ರ ತೆಗೆಯಬಹುದಾದರೆ ನಿಮ್ಮ ಊರಿನ ನಾಮಕರಣಕ್ಕೆ ಮೂರು ದೀಪ ಯಾಕೆ? ಮ್ಯಾನುಯಲ್‌ನಲ್ಲಿ ಶಕ್ತಿ ತಗ್ಗಿಸಿ ಏರಿಸಲು ಬರುವ ಯಾವ ಫ್ಲ್ಯಾಶ್ ಆದರೂ ಆದೀತು, ಸೆಕೆಂಡ್‌ಹ್ಯಾಂಡ್ ಆದರೂ ಸರಿ. ತೀರಾ ಹಳೆಯದಾದರೆ ಮಾತ್ರ ಅದರ ಟ್ರಿಗರ್ ವೋಲ್ಟೇಜ್ ನಿಮ್ಮ ಡಿಜಿಟಲ್ ಕ್ಯಾಮೆರಾಗೆ ಹೆಚ್ಚಾದೀತು, ಮೆಕ್ಯಾನಿಕ್‌ಗೆ ತೋರಿಸಿಕೊಂಡೇ ಸಿಕ್ಕಿಸಿ. ಎರಡನೇ ಫ್ಲ್ಯಾಶಿಗೆ ಕೂಡಿಟ್ಟ ದುಡ್ಡನ್ನು ಆರು ತಿಂಗಳು ಮುಟ್ಟಬೇಡಿ. ಅಷ್ಟರಲ್ಲಿ ನಿಮ್ಮೂರಿನಲ್ಲಿ ಒಳ್ಳೆಯ ಕೆಲಸ ಮಾಡುವ ಒಬ್ಬ ಛಾಯಾಗ್ರಾಹಕರನ್ನು ಹುಡುಕಿ, ಈ ಸೀಸನ್ನಿನ ಮದುವೆಗಳಿಗೆ ನಿಮ್ಮ ಜೊತೆ ದೀಪ ಹಿಡಿಯಲು ಬರುತ್ತೇನೆ ಎಂದು ಕೇಳಿ. ಸಂಬಳದ ಮಾತು ನಾಚಿಕೆ ಬಿಟ್ಟು ಮೊದಲೇ ಆಡಿ. ಹೆಚ್ಚಿನವರು ಒಪ್ಪುತ್ತಾರೆ, ದೀಪ ಹಿಡಿಯುವ ಕೈಗೆ ನಮ್ಮಲ್ಲಿ ಈಗ ಬರ ಇದೆ.